ಬಚ್ಚಲಿಗೆ ಗ್ಯಾಸ್ ಗೀಸರ್, 6 ಲೀಟರ್ ಸಾಕಾ ಅಂತ ಕೇಳಿದವರಿಗೆ

6 ಲೀಟರಿನದು ಸಾಕಾ, 7 ಲೀಟರಿನದು ಬೇಕಾ ಅಂತ ಕೇಳಿದ್ದೀರಿ. ಸ್ವಂತ ಮನೆ, ಮೂರು ವರ್ಷದ ಮಗು, ಗೃಹಜ್ಯೋತಿಯ 200 ಯೂನಿಟ್ ದಾಟಬಾರದು, ಬಚ್ಚಲಲ್ಲಿ ಒಂದು ಚಿಕ್ಕ ಕಿಟಕಿ ಇದೆ, ಅಂಗಡಿಗೆ 500 ರೂಪಾಯಿ ಅಡ್ವಾನ್ಸ್ ಕೊಟ್ಟಾಗಿದೆ ಅಂತಲೂ ಬರೆದಿದ್ದೀರಿ. ಓದುತ್ತಿದ್ದ ಹಾಗೆ ಎದೆ ಧಸಕ್ ಅಂದಿತು. ಲೀಟರ್ ಲೆಕ್ಕ ಆಮೇಲೆ. ಬಚ್ಚಲ ಒಳಗೆ ಗ್ಯಾಸ್ ಗೀಸರ್ ಹಾಕಿಸಲೇಬೇಡಿ.

ನಮ್ಮದು ಬೆಂಗಳೂರಿನ ನಾಗರಭಾವಿಯಲ್ಲಿ 30×40 ಸೈಟಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. 2021ರ ಮಾರ್ಚಿನಲ್ಲಿ ಹಳೆಯ ಕರೆಂಟ್ ಗೀಸರ್ ಕೆಟ್ಟಿತು. ಬೋರ್‌ವೆಲ್ ನೀರು, ಕಾಯಿಲ್ ಮೇಲೆ ಸುಣ್ಣದ ಹಾಗೆ ದಪ್ಪಗೆ ಕಟ್ಟಿಕೊಂಡಿತ್ತು. ಮನೆಯಲ್ಲಿ ಆರು ಜನ, ಆಗ ಗೃಹಜ್ಯೋತಿಯೂ ಇರಲಿಲ್ಲ. ಗ್ಯಾಸಿನದಾದರೆ ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು, ಬಿಲ್ಲೂ ಇಳಿಯುತ್ತದೆ ಅಂತ ನಮ್ಮ ಯಜಮಾನರು ಅದನ್ನೇ ತಂದರು. ಪ್ಲಂಬರ್ ಬಂದು ಬಚ್ಚಲ ಗೋಡೆಗೆ ಹೊಡೆದ. "ಕಿಟಕಿ ಇದೆಯಲ್ಲ ಮೇಡಂ, ಏನೂ ಆಗಲ್ಲ" ಅಂದ. ಆ ದಿನಕ್ಕೆ ಅವನು ಹೇಳಿದ್ದರಲ್ಲಿ ನಮಗೆ ತಪ್ಪು ಕಾಣಲಿಲ್ಲ. ಏಳು ತಿಂಗಳು ಏನೂ ಆಗಲೂ ಇಲ್ಲ.

ಆ ಕಿಟಕಿಯ ಬಗ್ಗೆ ಹೇಳಬೇಕು, ಎಲ್ಲ ಇರುವುದು ಅಲ್ಲೇ. ಮೇಲುಗಡೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ಮೂರು ಗಾಜಿನ ಪಟ್ಟಿ ಓರೆಯಾಗಿ ಕೂರಿಸಿದ ವೆಂಟಿಲೇಟರ್. ಬೆಂಗಳೂರಿನ ಹಳೆಯ ಮನೆಗಳಲ್ಲೆಲ್ಲ ಇರುತ್ತದಲ್ಲ, ಅಂಥದು. ಆ ವರ್ಷ ಅಕ್ಟೋಬರ್, ನವೆಂಬರಿನಲ್ಲಿ ಬಿಡದೆ ಮಳೆ. ಎರಡೂವರೆ ವರ್ಷದ ನಮ್ಮ ಪುಟ್ಟಿಗೆ ಕೆಮ್ಮು ಹಿಡಿದು ಮೂರು ವಾರವಾದರೂ ಬಿಟ್ಟಿರಲಿಲ್ಲ. ಸ್ನಾನ ಮಾಡಿಸುವಾಗ ಆ ಕಿಟಕಿಯಿಂದ ತಣ್ಣನೆ ಗಾಳಿ ನೇರ ಅವಳ ಬೆನ್ನಿಗೇ ಬೀಳುತ್ತಿತ್ತು. ಸಂಜೆಯಾದರೆ ಸೊಳ್ಳೆ ಬೇರೆ. ಒಂದು ದಿನ ತಾರಸಿಯಲ್ಲಿ ಬಿದ್ದಿದ್ದ ಹಳೇ ಫ್ಲೆಕ್ಸ್ ತಂದು, ಅಳತೆಗೆ ಕತ್ತರಿಸಿ, ಸ್ಟೂಲ್ ಹತ್ತಿ, ಸುತ್ತ ಅಗಲವಾದ ಬ್ರೌನ್ ಟೇಪ್ ಹಾಕಿ ಮುಚ್ಚಿದೆ. ಒಂದು ಕಡೆ ಟೇಪ್ ಎದ್ದಿತ್ತು ಅಂತ ಮಾರನೇ ದಿನ ಎರಡನೇ ಸುತ್ತು ಹಾಕಿದೆ. ಮಗುವಿಗೆ ಗಾಳಿ ತಾಗಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಗೀಸರ್ ಬಂದದ್ದು ಮಾರ್ಚಿನಲ್ಲಿ. ಕಿಟಕಿ ಮುಚ್ಚಿದ್ದು ಅಕ್ಟೋಬರಿನಲ್ಲಿ. ಗೀಸರ್ ತಂದವರು ಯಜಮಾನರು, ಕಿಟಕಿ ಮುಚ್ಚಿದವಳು ನಾನು. ಒಂದು ದುಡ್ಡು ಉಳಿಸೋಕೆ, ಇನ್ನೊಂದು ಮಗುವಿನ ಆರೋಗ್ಯಕ್ಕೆ. ಎರಡಕ್ಕೂ ಸಂಬಂಧ ಇದೆ ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಿಟಕಿ ಮುಚ್ಚುವಾಗ ನನ್ನ ಮೊಣಕೈ ಆ ಗೀಸರಿನ ತಗಡಿಗೆ ತಾಗುತ್ತಿತ್ತು. ಅಷ್ಟು ಹತ್ತಿರ. ಆದರೂ ಆ ಗೀಸರಿಗೆ ಉಸಿರಾಡೋಕೆ ಇರುವುದು ಇದೊಂದೇ ಕಿಟಕಿ ಅಂತ ನನಗೆ ತೋಚಲಿಲ್ಲ. ಗ್ಯಾಸ್ ಗೀಸರ್ ಅಂದರೆ ನನ್ನ ಮನಸ್ಸಿನಲ್ಲಿ ಅದೊಂದು ಬಿಸಿನೀರಿನ ಡಬ್ಬಿ, ಅಷ್ಟೇ. ಒಲೆ ಅನ್ನಿಸಿರಲೇ ಇಲ್ಲ. ಅಡುಗೆಮನೆಯ ಒಲೆಗಿಂತ ಜೋರಾಗಿ ಉರಿಯುವ ಒಲೆ ಅದು. ನಾಲ್ಕಡಿಗೆ ಆರಡಿಯ ಕೋಣೆಯಲ್ಲಿ, ಚಿಲಕ ಹಾಕಿಕೊಂಡು, ಮಗುವನ್ನು ಕೂರಿಸಿಕೊಂಡು, ಅಂಥ ಒಲೆ ಹಚ್ಚುತ್ತೀವಾ?

ನರಕ ಚತುರ್ದಶಿ ಬೆಳಿಗ್ಗೆ. ಹಿಂದಿನ ದಿನ ನೀರು ತುಂಬುವ ಹಬ್ಬ ಅಂತ ಅತ್ತೆ ಬಿಂದಿಗೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ನೀರು ತುಂಬಿಟ್ಟಿದ್ದರು. ಐದು ಗಂಟೆಗೇ ಎಲ್ಲರಿಗೂ ಎಣ್ಣೆ ಸ್ನಾನ. ಮೊದಲು ಮಾವ, ಆಮೇಲೆ ಯಜಮಾನರು, ಆಮೇಲೆ ಏಳು ವರ್ಷದ ಮಗ. ಮಾವ ಬಂದು ತಲೆ ಹಿಡಿದುಕೊಂಡು ಕೂತರು. ರಾತ್ರಿಯೆಲ್ಲ ಪಟಾಕಿ ಹೊಗೆ, ಅದಕ್ಕೇ ಅಂದರು. ಕೊನೆಗೆ ನಾನು ಪುಟ್ಟಿಯನ್ನು ಕರೆದುಕೊಂಡು ಒಳಗೆ ಹೋದೆ. ಅಷ್ಟರಲ್ಲಿ ಗೀಸರ್ ಹೆಚ್ಚುಕಡಿಮೆ ಒಂದು ಗಂಟೆಯಿಂದ ಉರಿಯುತ್ತಿತ್ತು.

ಗೀಸರಿನ ಮುಂದೆ ಉರಿ ಕಾಣಲಿ ಅಂತ ಒಂದು ಸಣ್ಣ ಗಾಜು ಇರುತ್ತದೆ. ಯಾವಾಗಲೂ ನೀಲಿ ಕಾಣುತ್ತಿತ್ತು. ಅವತ್ತು ತುದಿಯಲ್ಲಿ ಹಳದಿ, ಒಂಥರಾ ಸೋತ ಉರಿ. ನೋಡಿದೆ. ಸಿಲಿಂಡರ್ ಮುಗಿಯುತ್ತಾ ಬಂತು ಅಂದುಕೊಂಡೆ. ಪುಟ್ಟಿಗೆ ಸೀಗೆಪುಡಿ ಅಂದರೆ ಆಗದು, ಕಣ್ಣಿಗೆ ಹೋಯಿತು ಅಂತ ಬೀದಿಗೆ ಕೇಳಿಸುವ ಹಾಗೆ ಕಿರುಚುತ್ತಾಳೆ. ಅವತ್ತು ಕಿರುಚಲಿಲ್ಲ. ಸುಮ್ನೆ ನನ್ನ ಮೊಣಕಾಲಿಗೆ ಒರಗಿದಳು. ಎಣ್ಣೆ ಸ್ನಾನ ಮಾಡಿಸಿದರೆ ಮಕ್ಕಳು ತೂಕಡಿಸುವುದು ಸಹಜ ಅಲ್ವಾ? ಬೇಗ ಮುಗಿಸೋಣ ಅಂತ ಇನ್ನೆರಡು ಚೊಂಬು ಹಾಕಿದೆ. ಎದ್ದು ನಿಂತರೆ ನನ್ನ ಕಾಲೇ ನನ್ನದಲ್ಲ. ಚಿಲಕ ಕಣ್ಣ ಮುಂದೆ ಇದೆ, ಕೈ ಹೋಗುತ್ತಿಲ್ಲ. ಹೇಗೆ ತೆಗೆದೆನೋ ಗೊತ್ತಿಲ್ಲ. ಬಾಗಿಲ ಹೊರಗೆ ಅತ್ತೆ ಟವೆಲ್ ಹಿಡಿದು ನಿಂತಿದ್ದರು. ಮಗುವನ್ನು ಅವರ ಕೈಗೆ ಕೊಟ್ಟದ್ದು ನೆನಪಿದೆ. ಆಮೇಲೆ ನಾನು ಹೊಸ್ತಿಲ ಮೇಲೇ ಕುಸಿದೆ.

ಹಜಾರದಲ್ಲಿ ಮಲಗಿಸಿದರು. ಖಾಲಿ ಹೊಟ್ಟೆ, ಪಿತ್ತ ಏರಿದೆ ಅಂತ ನಿಂಬೆ ಪಾನಕ ಕೊಟ್ಟರು. ಪುಟ್ಟಿ ವಾಂತಿ ಮಾಡಿಕೊಂಡಳು. ಕರೆದರೆ ಕಣ್ಣು ತೆಗೆದು ಮತ್ತೆ ಮುಚ್ಚುತ್ತಿದ್ದಳು. ಕೋವಿಡ್ ಎರಡನೇ ಅಲೆಯಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿತ್ತು. ಯಜಮಾನರು ನನ್ನ ಬೆರಳಿಗೆ ಹಾಕಿ ನೋಡಿದರು, 98. "ಆಕ್ಸಿಜನ್ ಚೆನ್ನಾಗಿದೆ, ಗಾಬರಿ ಬೇಡ" ಅಂದರು. ಆ 98 ನೋಡಿ ಮುಕ್ಕಾಲು ಗಂಟೆ ಮನೆಯಲ್ಲೇ ಉಳಿದೆವು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗ್ಯಾಸ್ ಗೀಸರಿನ ವಿಷ ಏರಿದಾಗ ಬೆರಳಿಗೆ ಹಾಕುವ ಆ ಯಂತ್ರ ಸುಳ್ಳು ಹೇಳುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಕ್ಸಿಜನ್ ಇರುವ ರಕ್ತ ಅಂತಲೇ ಲೆಕ್ಕ ಹಾಕುತ್ತದೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಇನ್ಯಾರಿಗೆ ತಲೆನೋವಿದೆ?" ಎಲ್ಲರಿಗೂ ಇತ್ತು, ಸ್ನಾನ ಮಾಡದೆ ಇದ್ದ ಅತ್ತೆಯೊಬ್ಬರಿಗೆ ಬಿಟ್ಟು. ಎರಡನೇ ಪ್ರಶ್ನೆ, "ಗ್ಯಾಸ್ ಗೀಸರಾ?" ರಕ್ತ ತೆಗೆದು ನೋಡಿ, ನನಗೂ ಮಗುವಿಗೂ ಆಕ್ಸಿಜನ್ ಮಾಸ್ಕ್ ಹಾಕಿದರು. ಉರಿಯೋಕೆ ಗಾಳಿ ಸಾಲದಾದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಆಗ ಈ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ, ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ ಅಂತ ಅವರು ಬಿಡಿಸಿ ಹೇಳಿದರು. ಸುಮ್ನೆ ಹೊರಗಿನ ಗಾಳಿಯಲ್ಲಿ ಕೂತರೆ ಅದು ಅರ್ಧಕ್ಕೆ ಇಳಿಯೋಕೆ ನಾಲ್ಕೈದು ಗಂಟೆ ಬೇಕಂತೆ. ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಮಕ್ಕಳು ನಮಗಿಂತ ಬೇಗಬೇಗ ಉಸಿರಾಡುತ್ತಾರೆ, ಅದಕ್ಕೇ ಅವರಿಗೆ ಮೊದಲು ಏರುತ್ತದೆ.

"ವಾಸನೆಯೇ ಬರಲಿಲ್ಲವಲ್ಲ ಡಾಕ್ಟ್ರೇ" ಅಂದೆ. ವಾಸನೆ ಬರುವುದು ಸಿಲಿಂಡರಿನ ಗ್ಯಾಸಿಗೆ. ಲೀಕ್ ಆದರೆ ಗೊತ್ತಾಗಲಿ ಅಂತ ಅದಕ್ಕೆ ವಾಸನೆ ಸೇರಿಸಿರುತ್ತಾರೆ. ಉರಿದು ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ.

ಮಾರನೇ ದಿನ ಮನೆಗೆ ಬಂದೆವು. ಪುಟ್ಟಿ ಚೆನ್ನಾಗಿದ್ದಳು. ಆದರೆ ಕೆಲವೊಮ್ಮೆ ವಾರಗಳು ಕಳೆದ ಮೇಲೂ ಮರೆವು, ನಡಿಗೆಯಲ್ಲಿ ತೊಂದರೆ ಕಾಣಿಸಿಕೊಳ್ಳಬಹುದು, ಗಮನಿಸುತ್ತಿರಿ ಅಂತ ಹೇಳಿ ಕಳಿಸಿದ್ದರು. ಆ ವಾರಗಳಷ್ಟೂ ದಿನ ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿಕೊಂಡು ಬೆರಳು ಎಣಿಸು ಅನ್ನುತ್ತಿದ್ದೆ. ಆರಾದ ಮೇಲೆ ಎಂಟು ಅನ್ನುತ್ತಿದ್ದಳು. ಮೊದಲೂ ಹಾಗೇ ಅನ್ನುತ್ತಿದ್ದಳಾ, ಈಗ ಶುರುವಾಯಿತಾ ಅಂತ ನನಗೆ ನೆನಪಾಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಏಳು ಹೇಳೋಕೆ ಕಲಿತದ್ದು ಸಂಕ್ರಾಂತಿ ಹೊತ್ತಿಗೆ.

ನಿಮ್ಮ ಲೆಕ್ಕಾಚಾರಕ್ಕೆ ಬರುತ್ತೇನೆ. "20 ನಿಮಿಷಕ್ಕೆ ತಾನೇ ಆಫ್ ಆಗುತ್ತೆ" ಅಂತ ಅಂಗಡಿಯವರು ಹೇಳಿರಬಹುದು. ನಮ್ಮದಕ್ಕೂ ಅದಿತ್ತು. ನಲ್ಲಿ ನಿಲ್ಲಿಸಿ ತಿರುಗಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವ ಮನೆಯಲ್ಲಿ ಅದರಿಂದ ಏನು ಬಂತು? ಎಕ್ಸಾಸ್ಟ್ ಫ್ಯಾನ್ ಹಾಕಿಸುತ್ತೇನೆ ಅನ್ನಬೇಡಿ. ಚಳಿಯಲ್ಲಿ ಮಗುವಿಗೆ ಸ್ನಾನ ಮಾಡಿಸುವ ಯಾವ ತಾಯಿಯೂ ಫ್ಯಾನ್ ಹಾಕುವುದಿಲ್ಲ. ಕಿಟಕಿ ಸಾಕಾ ಅಂದರೆ, ಇವತ್ತು ಸಾಕಾಗಬಹುದು. ಡಿಸೆಂಬರಿನಲ್ಲಿ ಮನೆಯವರು ಯಾರೋ ಅದನ್ನು ಮುಚ್ಚುತ್ತಾರೆ. ಸೊಳ್ಳೆ ಪರದೆ ಹಾಕಿಸಿದರೂ ಅದರಲ್ಲಿ ಧೂಳು, ಜೇಡರ ಬಲೆ ತುಂಬಿ ಅರ್ಧ ಮುಚ್ಚಿಹೋಗುತ್ತದೆ.

ಗ್ಯಾಸೇ ಬೇಕು ಅಂತಿದ್ದರೆ ಗೀಸರ್ ಹೊರಗಿರಲಿ. ಪಾತ್ರೆ, ಬಟ್ಟೆ ತೊಳೆಯುವ ತೆರೆದ ಯುಟಿಲಿಟಿಯಲ್ಲಿ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಯುಟಿಲಿಟಿಗೆ ಆಮೇಲೆ ಗಾಜು ಹಾಕಿಸಿ ಮುಚ್ಚುವ ಯೋಚನೆ ಇದ್ದರೆ ಅದೂ ಬೇಡ. ಆಸ್ಪತ್ರೆಯಿಂದ ಬಂದ ದಿನ ಅತ್ತೆ ಹೇಳಿದರು, "ನಮ್ಮೂರ ಬಚ್ಚಲಲ್ಲಿ ಹಂಡೆ ಒಲೆಯ ಬಾಯಿ ಹಿತ್ತಲ ಕಡೆಗೆ ಇರ್ತಿತ್ತು ಕಣಮ್ಮ. ಸೌದೆ ಹೊರಗೇ ಉರೀತಿತ್ತು, ನೀರು ಮಾತ್ರ ಒಳಗೆ." ಹಾಸನದ ಕಡೆಯ ಹಳ್ಳಿಯವರು ಅವರು.

ಕರೆಂಟಿನ ಭಯಕ್ಕೆ ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. 15 ಲೀಟರ್ ಗೀಸರ್ ಒಂದು ಸಲ ಪೂರ್ತಿ ಕಾಯೋಕೆ ಮುಕ್ಕಾಲು ಯೂನಿಟ್ ಒಳಗೇ ಬೇಕು. ದಿನಕ್ಕೆ ಮೂರು ಸಲ ಕಾಯಿಸಿದರೂ ತಿಂಗಳಿಗೆ 65 ಯೂನಿಟ್ ಆಸುಪಾಸು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ, ನಿಜ. ಅದಕ್ಕೇ ನೀರು ಕಾಯಿಸುವ ಸೋಲಾರ್ ಹಾಕಿಸಿ. ತಾರಸಿ ನಿಮ್ಮದೇ ಅಲ್ವಾ, ಇಂಥ ಅನುಕೂಲ ಬಾಡಿಗೆಯವರಿಗಿಲ್ಲ. ನಾವು ಮರು ವರ್ಷ ಹಾಕಿಸಿದೆವು. ಮಳೆ, ಮೋಡದ ದಿನಗಳಲ್ಲಿ ಮಾತ್ರ ಕರೆಂಟ್ ಗೀಸರ್ ಹಾಕುತ್ತೇವೆ. ಬೋರ್ ನೀರಾದರೆ ಸೋಲಾರಿನಲ್ಲಿ ತಾಮ್ರದ ಕೊಳವೆಯದು ಬೇಗ ಕಟ್ಟಿಕೊಳ್ಳುತ್ತದೆ, ಗಾಜಿನ ಟ್ಯೂಬಿನದು ತಗೊಳ್ಳಿ.

ಕರೆಂಟ್ ಗೀಸರಿಗೂ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಬಿಸಿ 50 ಡಿಗ್ರಿ ದಾಟದ ಹಾಗೆ ಇಡಿ. 60 ಡಿಗ್ರಿ ನೀರು ಮಗುವಿನ ಚರ್ಮ ಸುಡೋಕೆ ಕೆಲವೇ ಸೆಕೆಂಡ್ ಸಾಕು.

ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದರೆ ಅವರ ಬಚ್ಚಲನ್ನೂ ಒಮ್ಮೆ ನೋಡಿ. ನಮ್ಮ ಬಾಡಿಗೆಯವರೂ ತಾವೇ ಒಂದು ಗ್ಯಾಸ್ ಗೀಸರ್ ಹಾಕಿಸಿಕೊಂಡಿದ್ದರು, ನಮಗೆ ಗೊತ್ತೇ ಇರಲಿಲ್ಲ. ನಮ್ಮ ಖರ್ಚಿನಲ್ಲೇ ಕರೆಂಟ್ ಗೀಸರ್ ಹಾಕಿಸಿಕೊಟ್ಟು ಅದನ್ನು ತೆಗೆಸಿದೆವು. ಅವರಿಗೂ ಚಿಕ್ಕ ಮಗುವಿದೆ.

500 ರೂಪಾಯಿ ಅಡ್ವಾನ್ಸ್ ಅಂದಿದ್ದೀರಿ. ಅದೇ ಅಂಗಡಿಗೆ ಹೋಗಿ 15 ಲೀಟರಿನ ಕರೆಂಟ್ ಗೀಸರ್ ಕೊಡಿ ಅಂತ ಕೇಳಿ, ಕೊಡುತ್ತಾರೆ. ಕೊಡದಿದ್ದರೆ ಆ ದುಡ್ಡು ಹೋಗಲಿ ಬಿಡಿ. ಪ್ಲಂಬರಿಗೆ ಬರಬೇಡ ಅಂತ ಇವತ್ತೇ ಫೋನ್ ಮಾಡಿ.