ಹಳೇ ಲಾರಿಯ ಸ್ಪ್ಲಿಟ್ ರಿಮ್ ತೆಗೆದು 22.5ರ ಟ್ಯೂಬ್‌ಲೆಸ್ ಹಾಕಬಹುದಾ? ಸ್ಟಡ್ ಕೂತರೆ ಸಾಕಾ?

"ಹತ್ತು ಸ್ಟಡ್ ಇದೆ, ಹೊಸ ಡಿಸ್ಕ್‌ನಲ್ಲೂ ಹತ್ತು ತೂತಿದೆ, ಕೂತರೆ ಸಾಕಲ್ವಾ?" ಅಂತ ನಿಮ್ಮ ಪ್ರಶ್ನೆಯ ಕೊನೆಗೆ ಕೇಳಿದ್ದೀರಲ್ಲ, ಆ ಒಂದು ಸಾಲಿಗಾಗಿ ಬರೆಯುತ್ತಿದ್ದೇನೆ. (ಹೊಸಬರಿಗೆ: ಹಬ್ ಅಂದರೆ ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗ, ಸ್ಟಡ್ ಅಂದರೆ ಅದರಿಂದ ಹೊರಚಾಚಿದ ಬೋಲ್ಟು, ಡಿಸ್ಕ್ ಅಂದರೆ ಅದರ ಮೇಲೆ ಕೂರುವ ಚಕ್ರ.) ಸಾಲದು. ನಾನೂ ಅಷ್ಟನ್ನೇ ನೋಡಿ ಕೊಂಡಿದ್ದೆ.

ನನ್ನದು 1960ರ ದಶಕದ ಅಮೆರಿಕನ್ ಲಾರಿ. ಹಿಂದೆ ಜೋಡಿ ಟೈರು, ಸೈಜು 10.00-20 (ಟೈರಿನ ಅಗಲ ಹತ್ತು ಇಂಚು, ರಿಮ್ಮು 20 ಇಂಚು), ಟ್ಯೂಬು, ಟ್ಯೂಬಿಗೂ ರಿಮ್ಮಿಗೂ ನಡುವೆ ಫ್ಲಾಪು ಅನ್ನುವ ರಬ್ಬರ್ ಪಟ್ಟಿ, ಮೂರು ತುಂಡಿನ ರಿಮ್ಮು, ಅಂದರೆ ನೀವು ಹೇಳುವ ಸ್ಪ್ಲಿಟ್ ರಿಮ್ಮು. ಬೇಸ್ ಒಂದು, ಅದಕ್ಕೆ ಸೈಡ್ ರಿಂಗ್, ಸೈಡ್ ರಿಂಗ್ ಕಳಚದ ಹಾಗೆ ಹಿಡಿಯಲು ಲಾಕ್ ರಿಂಗ್. ಟೈರ್ ಅಂಗಡಿಗೆ ತೆಗೆದುಕೊಂಡು ಹೋದರೆ ರಿಂಗ್ ಕಂಡ ತಕ್ಷಣ "ಇದು ನಮ್ಮಲ್ಲಿ ಆಗಲ್ಲ" ಅನ್ನುತ್ತಿದ್ದರು. ಅವರನ್ನು ಬೈಯುವ ಹಾಗಿಲ್ಲ. ನೀವೇ ಲೆಕ್ಕ ಹಾಕಿ. 80 ಪಿಎಸ್‌ಐ ಗಾಳಿ ಅಂದರೆ ಒಂದೊಂದು ಚದರ ಇಂಚಿನ ಮೇಲೂ 80 ಪೌಂಡ್. 20 ಇಂಚಿನ ರಿಮ್ಮಿನಲ್ಲಿ ಆ ರಿಂಗನ್ನು ಹೊರಗೆ ತಳ್ಳುವ ಜಾಗ ಸುಮಾರು ಮುನ್ನೂರು ಚದರ ಇಂಚು. ಗುಣಿಸಿದರೆ ಹತ್ತು ಟನ್ ದಾಟುತ್ತದೆ. ರಿಂಗ್ ಸರಿಯಾಗಿ ಕೂರದೆ ಚಿಮ್ಮಿತು ಅಂದರೆ ಎದುರಿಗೆ ಬಗ್ಗಿ ಗಾಳಿ ಹಿಡಿಯುತ್ತಿದ್ದವನ ಗತಿ ಬಿಡಿಸಿ ಹೇಳಬೇಕಾಗಿಲ್ಲ.

ಈ ರಗಳೆಯೇ ಬೇಡ, ಟ್ಯೂಬ್‌ಲೆಸ್ ಹಾಕಿಬಿಡೋಣ ಅಂದುಕೊಂಡೆ. 10.00-20ಕ್ಕೆ ಸಾಟಿ 11ಆರ್ 22.5, ಅಂದರೆ 22.5 ಇಂಚಿನ ರಿಮ್ಮಿನ ರೇಡಿಯಲ್ ಟೈರು. ನಿಮ್ಮದು 9.00-20 ಆದರೆ 10ಆರ್ 22.5, 8.25-20 ಆದರೆ 9ಆರ್ 22.5, 7.50-20 ಆದರೆ 8ಆರ್ 22.5. 20 ಹೋಗಿ 22.5 ಬಂತು ಅಂತ ಚಕ್ರ ದೊಡ್ಡದಾಗುವುದಿಲ್ಲ. ರಿಮ್ ಎಷ್ಟು ದೊಡ್ಡದಾಯಿತೋ ಟೈರಿನ ಗೋಡೆ ಅಷ್ಟು ಗಿಡ್ಡ, ಹೊರಗಿನ ಎತ್ತರ ಹೆಚ್ಚುಕಡಿಮೆ ಅಷ್ಟೇ. ಸ್ಪೀಡೋಮೀಟರ್ ಚಿಂತೆ ಬಿಡಿ.

ಸೆಕೆಂಡ್ ಹ್ಯಾಂಡ್ ಡಿಸ್ಕ್ ಒಂದು ಸೆಟ್ ಸಿಕ್ಕಿತು. ಬಣ್ಣ ಕೂಡ ಹೋಗಿರಲಿಲ್ಲ. ಟೇಪ್ ಹಿಡಿದೆ. ಎದುರುಬದುರು ತೂತುಗಳ ಮಧ್ಯದಿಂದ ಮಧ್ಯಕ್ಕೆ 285.75 ಮಿಮೀ, ಅಂದರೆ ಹನ್ನೊಂದೂಕಾಲು ಇಂಚು. ನನ್ನ ಹಬ್ಬಿನಲ್ಲೂ ಅಷ್ಟೇ. ಮಾರುವವನು "ಹಾಕಿ ಓಡಿಸೋದಷ್ಟೇ ಸಾರ್" ಅಂದ. ಹಾಕಿದೆ, ಸ್ಟಡ್ ಮೇಲೆ ಸಲೀಸಾಗಿ ಜಾರಿ ಕೂತಿತು. ಅಷ್ಟು ಸಲೀಸಾಗಿ ಕೂತಾಗಲೇ ಅನುಮಾನ ಬರಬೇಕಿತ್ತು.

ವಿಷಯ ಏನೆಂದರೆ, ಇದೇ ಹತ್ತು ಸ್ಟಡ್, ಇದೇ 285.75ರ ಅಳತೆಯಲ್ಲಿ ಎರಡು ಜಾತಿಯ ಡಿಸ್ಕ್ ಇವೆ. ಹಳೆಯದು ಸ್ಟಡ್ ಪೈಲಟ್. ಇದರಲ್ಲಿ ಡಿಸ್ಕನ್ನು ಸರಿಯಾಗಿ ನಡುಮಧ್ಯಕ್ಕೆ ತಂದು ಕೂರಿಸುವ ಕೆಲಸವೂ ನಟ್‌ಗಳದ್ದೇ. ತೂತಿನ ಬಾಯಿ ಸುತ್ತ ಬಟ್ಟಲಿನ ಹಾಗೆ ತಗ್ಗಿರುತ್ತದೆ. ನಟ್‌ನ ಮೂತಿ ಗುಂಡಗಿರುತ್ತದೆ, ಬಂದು ಆ ತಗ್ಗಿನಲ್ಲಿ ಪೂರ್ತಿ ಕೂರುತ್ತದೆ. ಜೋಡಿ ಚಕ್ರಕ್ಕೆ ಒಂದೊಂದು ಸ್ಟಡ್‌ಗೂ ಎರಡು ನಟ್. ಒಳಗಿನ ಡಿಸ್ಕ್ ಹಿಡಿಯಲು ಉದ್ದನೆಯ ಕ್ಯಾಪ್ ನಟ್, ಆ ಕ್ಯಾಪಿನ ಹೊರಮೈ ಥ್ರೆಡ್ ಮೇಲೆ ಹೊರಗಿನ ಡಿಸ್ಕಿನ ನಟ್. ಲಾರಿಯ ಎಡಗಡೆ ಚಕ್ರಗಳಿಗೆ ಉಲ್ಟಾ ಥ್ರೆಡ್.

ಆಮೇಲೆ ಬಂದ ಜಾತಿ ಹಬ್ ಪೈಲಟ್. ಇಲ್ಲಿ ನಟ್‌ಗೆ ಬಿಗಿಯುವ ಕೆಲಸ ಮಾತ್ರ. ಡಿಸ್ಕನ್ನು ಮಧ್ಯದಲ್ಲಿ ಹಿಡಿದು ಕೂರಿಸುವುದು ಹಬ್ಬಿನ ಮೇಲೆ ಕಡೆದಿರುವ ಗಟ್ಟುಗಳು, ಅಂದರೆ ಉಬ್ಬುಗಳು. ಹಾಗಾಗಿ ಡಿಸ್ಕಿನ ನಡುವಿನ ದೊಡ್ಡ ತೂತಿನ ಅಳತೆ ಕರಾರುವಾಕ್ಕಾಗಿರುತ್ತದೆ, 220 ಮಿಮೀ. ಸ್ಟಡ್ ಎಂ22, ಅಂದರೆ 22 ಮಿಮೀ ದಪ್ಪ. ಸ್ಟಡ್ ತೂತು 26 ಮಿಮೀ, ನೇರವಾಗಿ ಕೊರೆದದ್ದು, ಬಾಯಿ ಚಪ್ಪಟೆ. ನಟ್ ಕೂಡ ಅಡಿಯಲ್ಲಿ ತಿರುಗುವ ಅಗಲ ಫ್ಲಾಂಜ್ ಇರುವಂಥದ್ದು. ಒಳಗಿನ ಡಿಸ್ಕು, ಹೊರಗಿನ ಡಿಸ್ಕು ಎರಡಕ್ಕೂ ಸೇರಿ ಒಂದೇ.

ನಾನು ಹಳೇ ಹಬ್ಬಿಗೆ ಹಬ್ ಪೈಲಟ್ ಡಿಸ್ಕ್ ತೊಡಿಸಿ, ಹಳೇ ಗುಂಡು ಮೂತಿಯ ನಟ್ ಬಿಗಿದೆ. ಗುಂಡು ಮೂತಿ ನೇರ ತೂತಿನ ಅಂಚಿಗೆ ಒಂದು ಗೆರೆಯಷ್ಟೇ ತಾಗುತ್ತದೆ. ಸ್ಪ್ಯಾನರ್ ಹಿಡಿದವನಿಗೆ ಮಾತ್ರ ಚೆನ್ನಾಗಿ ಬಿಗಿಯಾದ ಹಾಗೇ ಅನ್ನಿಸುತ್ತದೆ, ಅಲ್ಲೇ ಮೋಸ ಹೋಗುವುದು. ಗಟ್ಟು ಇಲ್ಲದ ಹಬ್ಬು, ತಗ್ಗಿಲ್ಲದ ತೂತು. ಡಿಸ್ಕಿಗೆ ತನ್ನ ಮಧ್ಯ ಯಾವುದು ಅಂತ ಹೇಳುವವರೇ ಇಲ್ಲ.

ಇನ್ನೂ ಒಂದು ಮಾತು. ಲಾರಿಯ ಭಾರವನ್ನು ಸ್ಟಡ್‌ಗಳು ಅಡ್ಡಲಾಗಿ ಹೊರುತ್ತವೆ ಅಂತ ತುಂಬಾ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಸ್ಟಡ್ ಮಾಡುವ ಕೆಲಸ ಡಿಸ್ಕನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುವುದು. ಆ ಒತ್ತಿನ ಹಿಡಿತವೇ ಭಾರ ಹೊರುತ್ತದೆ. ಗೆರೆಯಷ್ಟು ತಾಗಿದ್ದ ನಟ್ ಅಂಚು ಕೂದಲೆಳೆಯಷ್ಟು ಸವೆದರೂ ಹಿಡಿತ ಹೋಯಿತು. ಆಮೇಲೆ ಡಿಸ್ಕ್ ಒಂದೊಂದು ಸುತ್ತಿಗೂ ಒಂಚೂರು ಜಾರುತ್ತದೆ, ಸ್ಟಡ್ ಒಂದೊಂದು ಸುತ್ತಿಗೂ ಒಂಚೂರು ಬಾಗುತ್ತದೆ. ತಂತಿ ಮುರಿಯಲು ನಾವು ಅತ್ತಿತ್ತ ಬಗ್ಗಿಸುತ್ತೇವಲ್ಲ, ಆ ಕೆಲಸ ರಸ್ತೆಯ ಮೇಲೆ ತಾನಾಗಿ ನಡೆಯುತ್ತಿತ್ತು.

ಸುಳಿವು ಸಿಕ್ಕಿರಲಿಲ್ಲ ಅಂತಲ್ಲ. ಖಾಲಿ ಓಡಿಸುವಾಗ ಸದ್ದಿಲ್ಲ. ಲೋಡ್ ಹಾಕಿ ನಿಧಾನಕ್ಕೆ ತಿರುಗಿಸುವಾಗ ಹಿಂದಿನಿಂದ ಟಕ್ ಟಕ್. ಸ್ಪ್ರಿಂಗ್ ಪಟ್ಟಿಯ ಬುಷ್ ಹೋಗಿರಬೇಕು ಅಂದುಕೊಂಡೆ. ನಟ್‌ಗಳ ಬುಡದಿಂದ ಹೊರಗೆ ಓಡಿದ ಸಣ್ಣ ಸಣ್ಣ ತುಕ್ಕಿನ ಗೆರೆಗಳು ಕಂಡವು. ಮಳೆನೀರು ಅಂತ ಬಟ್ಟೆಯಲ್ಲಿ ಒರೆಸಿದೆ! ನಟ್ ಬುಡದ ತುಕ್ಕಿನ ಗೆರೆ ಅಂದರೆ ಲೋಹಕ್ಕೆ ಲೋಹ ಉಜ್ಜಿ ಉದುರಿದ ಪುಡಿ, ಡಿಸ್ಕ್ ಅಲ್ಲಾಡುತ್ತಿದೆ ಅಂತಲೇ ಅರ್ಥ. ಒರೆಸಿದ್ದು ಸಾಲದು ಅಂತ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಇನ್ನಷ್ಟು ಎಳೆದೆ. ಆಗಲೇ ಬಿರುಕು ಬಿಟ್ಟಿದ್ದ ಸ್ಟಡ್‌ಗೆ ಅದು ಕೊನೇ ಏಟು.

ಒಂದು ಇಳಿಜಾರಿನಲ್ಲಿ ಎಡ ಹಿಂಬದಿಯ ಸ್ಟಡ್‌ಗಳು ಒಂದರ ಹಿಂದೆ ಒಂದು ಹೋದವು. ಜೋಡಿ ಚಕ್ರ ಕಳಚಿಕೊಂಡು ನನ್ನನ್ನೇ ಹಿಂದೆ ಹಾಕಿ ಉರುಳಿ ಹೋಗಿ ಹಳ್ಳಕ್ಕೆ ಬಿತ್ತು. ಬ್ರೇಕ್ ಡ್ರಮ್ ರಸ್ತೆಯ ಮೇಲೆ ಕೂತು ಉಜ್ಜಿಕೊಂಡು ಲಾರಿ ನಿಂತಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ, ಪುಣ್ಯ. ಹಬ್ಬು, ಡ್ರಮ್ಮು, ಎರಡು ಡಿಸ್ಕು, ಹೊಸ ಟೈರು ಎಲ್ಲ ಹೋಯಿತು. ಮುರಿದ ಸ್ಟಡ್ ಕೈಗೆತ್ತಿಕೊಂಡು ನೋಡಿದೆ. ಮುರಿದ ಮುಖದ ಅರ್ಧಕ್ಕಿಂತ ಜಾಸ್ತಿ ಭಾಗ ನುಣ್ಣಗೆ ಕಪ್ಪಾಗಿತ್ತು, ಅದು ಹಳೇ ಬಿರುಕು. ಒಂದು ಮೂಲೆ ಮಾತ್ರ ಹರಳು ಹರಳಾಗಿ ಹೊಳೆಯುತ್ತಿತ್ತು, ಅವತ್ತು ಮುರಿದದ್ದು ಅಷ್ಟೇ. ಡಿಸ್ಕಿನ ತೂತುಗಳು ಉದ್ದುದ್ದ ಹಿಗ್ಗಿ, ಒಳಗೋಡೆಯಲ್ಲಿ ಸ್ಟಡ್ ಥ್ರೆಡ್ಡಿನ ಅಚ್ಚು ಬಿದ್ದಿತ್ತು.

ಸರಿಯಾದ ದಾರಿ ಎರಡೇ. ಸ್ಟಡ್ ಪೈಲಟ್ ಜಾತಿಯಲ್ಲೇ ಮಾಡಿದ 22.5ರ ಟ್ಯೂಬ್‌ಲೆಸ್ ಡಿಸ್ಕ್ ಇವೆ, ಹುಡುಕಿದರೆ ಸಿಗುತ್ತವೆ. ನಾನು ಕೊನೆಗೆ ಹಾಕಿದ್ದು ಅವನ್ನೇ. ಇಲ್ಲವಾದರೆ ಹಬ್ಬು, ಸ್ಟಡ್ಡು, ನಟ್ಟು, ಡಿಸ್ಕು ಎಲ್ಲವನ್ನೂ ಹಬ್ ಪೈಲಟ್‌ಗೆ ಬದಲಾಯಿಸಿ. ಅರ್ಧ ಅದು ಅರ್ಧ ಇದು ಬೇಡವೇ ಬೇಡ. ನಡುವೆ ಅಡಾಪ್ಟರ್ ಪ್ಲೇಟ್, ಹಳೇ ಡಿಸ್ಕಿನ ಮಧ್ಯಭಾಗ ಕತ್ತರಿಸಿ ಹೊಸ ರಿಮ್ಮಿಗೆ ವೆಲ್ಡಿಂಗ್, ಈ ಐಡಿಯಾ ಕೊಡುವವರು ಸಿಗುತ್ತಾರೆ. ಭಾರ ಹೊರುವ ಲಾರಿಗೆ ನಾನಂತೂ ಮಾಡಿಸುವುದಿಲ್ಲ.

ಬಿಗಿಯುವಾಗ ಟಾರ್ಕ್ ರೆಂಚ್ ಇರಲಿ. ಈ ದೊಡ್ಡ ನಟ್‌ಗಳಿಗೆ 450ರಿಂದ 500 ಅಡಿ-ಪೌಂಡ್, ಅಂದರೆ ಸುಮಾರು 610ರಿಂದ 680 ನ್ಯೂಟನ್ ಮೀಟರ್. ಮೊದಲ 80ರಿಂದ 160 ಕಿಮೀ ಓಡಿದ ಮೇಲೆ ಮತ್ತೆ ಬಿಗಿ ನೋಡಬೇಕು. ಸ್ಟಡ್ ಪೈಲಟ್ ಜೋಡಿ ಚಕ್ರದಲ್ಲಿ ಹೊರನಟ್ ಸಡಿಲಿಸದೆ ಒಳಗಿನ ಕ್ಯಾಪ್ ನಟ್ ಬಿಗಿಯಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಒಂದು ಸ್ಟಡ್‌ನ ಹೊರನಟ್ ಸಡಿಲಿಸಿ, ಒಳಗಿನದು ಬಿಗಿದು, ಹೊರಗಿನದು ಮತ್ತೆ ಬಿಗಿದು, ಆಮೇಲೆ ಮುಂದಿನ ಸ್ಟಡ್. ಬೇಜಾರಿನ ಕೆಲಸ, ಮಾಡಲೇಬೇಕು. ಆಫ್‌ಸೆಟ್ ಕೂಡ ನೋಡಿ, ಅಂದರೆ ರಿಮ್ಮಿನ ನಡುಗೆರೆಯಿಂದ ಡಿಸ್ಕ್ ಕೂರುವ ಮುಖ ಎಷ್ಟು ಪಕ್ಕಕ್ಕಿದೆ ಅನ್ನುವ ಅಳತೆ. ಜೋಡಿ ಟೈರುಗಳ ಉಬ್ಬು ಒಂದಕ್ಕೊಂದು ತಾಗಿದರೆ ಉಜ್ಜಿ ಕಾದು ಸಿಡಿಯುತ್ತವೆ. ಮುಂದೆ ಪೂರ್ತಿ ಸ್ಟೇರಿಂಗ್ ತಿರುಗಿಸಿ ಟೈ ರಾಡ್‌ಗೆ ಏನಾದರೂ ತಾಗುತ್ತಾ ನೋಡಿ. ಹಳೇ ನೈಲಾನ್ ಟೈರು, ಹೊಸ ರೇಡಿಯಲ್ ಒಂದೇ ಆಕ್ಸಲ್‌ನಲ್ಲಿ ಬೆರೆಸಬೇಡಿ.

ಇನ್ನು ನೀವು ಪ್ರಶ್ನೆ ಶುರುಮಾಡಿದ ಮಾತು, ಸ್ಪ್ಲಿಟ್ ರಿಮ್ ಅಂದರೆ ಸಾವು, ಟ್ಯೂಬ್‌ಲೆಸ್ ಅಂದರೆ ಸೇಫ್. ನಾನು ಒಪ್ಪುವುದಿಲ್ಲ. ಮೊದಲು ನಿಮ್ಮ ರಿಮ್ ಯಾವುದು ಅಂತ ತಿಳಿದುಕೊಳ್ಳಿ. ವೈರ್ ಬ್ರಷ್ ಹಾಕಿ ತಿಕ್ಕಿ, ಅಚ್ಚು ಹಾಕಿದ ಅಕ್ಷರ ಕಾಣುತ್ತದೆ. ಫೈರ್‌ಸ್ಟೋನ್‌ನ ಆರ್‌ಎಚ್ 5 ಡಿಗ್ರಿ ಅಂತಿದ್ದರೆ ಯೋಚನೆಯೇ ಬೇಡ, ತೆಗೆದು ಎಸೆಯಿರಿ. ಅದರಲ್ಲಿ ಹೊರಗೆ ಕಾಣುವ ಲಾಕ್ ರಿಂಗ್ ಇಲ್ಲ. ಬೇಸೇ ಎರಡು ಭಾಗ, ಟೈರಿನ ಅಡಿಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸರಿಯಾಗಿ ಕಚ್ಚಿದೆಯಾ ಅಂತ ಗಾಳಿ ತುಂಬಿದ ಮೇಲೆ ನೋಡಲು ದಾರಿಯೇ ಇಲ್ಲ. ಅಮೆರಿಕದವರು ಅದಕ್ಕೆ ವಿಧವೆ ಮಾಡುವ ರಿಮ್ ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಲಾಕ್ ರಿಂಗ್ ಇರುವ ಮೂರು ತುಂಡಿನದ್ದಾದರೆ ವಿಷಯ ಬೇರೆ. ರಿಂಗ್ ಕೂತಿದ್ದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಪ್ರಾಣ ತೆಗೆಯುವುದು ರಿಂಗ್ ಕೂರುವ ಜಾಗದಲ್ಲಿ ತುಕ್ಕು ತಿಂದ ಗ್ರೂವ್, ಬಾಗಿದ ರಿಂಗ್, ಒಂದು ಕಂಪನಿಯ ಬೇಸಿಗೆ ಇನ್ನೊಂದರ ರಿಂಗ್ ಹಾಕುವ ಚಾಳಿ, ಮತ್ತು ಪಂಜರವಿಲ್ಲದೆ (ಸಿಡಿದರೆ ತಡೆಯಲು ಚಕ್ರವನ್ನು ಒಳಗಿಡುವ ಉಕ್ಕಿನ ಚೌಕಟ್ಟು) ಗಾಳಿ ಹೊಡೆಯುವ ಧೈರ್ಯ. ಲಾರಿ ಬರೀ ಮೆರವಣಿಗೆಗೋ ಪ್ರದರ್ಶನಕ್ಕೋ ಹೋಗುವುದಾದರೆ, ರಿಮ್ ತುಂಡುಗಳು ಒಂದೇ ಜೋಡಿಯವಾಗಿ ಚೆನ್ನಾಗಿದ್ದರೆ, ಅವನ್ನೇ ಇಟ್ಟುಕೊಂಡು ಒಳ್ಳೇ ಟೈರು ಟ್ಯೂಬಿಗೆ ದುಡ್ಡು ಹಾಕಿ ಅನ್ನುತ್ತೇನೆ. ಲೋಡ್ ಹಾಕಿ ದಿನಾ ದುಡಿಸುವುದಾದರೆ, ದಾರಿಯಲ್ಲಿ ಯಾವ ಅಂಗಡಿಯೂ ಮುಟ್ಟದ ಚಕ್ರ ಇಟ್ಟುಕೊಂಡು ಏನು ಮಾಡುತ್ತೀರಿ? ಆಗ ಬದಲಾಯಿಸಿ.

ಬದಲಾಯಿಸಿದ ಮೇಲೂ ಪಂಜರ ಬೇಕು. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆ ಓಶಾ 1980ರಲ್ಲಿ ಈ ತುಂಡು ರಿಮ್ಮುಗಳಿಗೆ ನಿಯಮ ತಂದಿತು, 1984ರಲ್ಲಿ ಒಂದೇ ತುಂಡಿನ ದೊಡ್ಡ ಚಕ್ರಗಳನ್ನೂ ಅದಕ್ಕೆ ಸೇರಿಸಿತು. ಟ್ಯೂಬ್‌ಲೆಸ್‌ಗೂ ಪಂಜರ ಬೇಕು ಅನ್ನುವುದಕ್ಕೆ ಕಾರಣ ಇದೆ. ಗಾಳಿ ಕಡಿಮೆಯಾಗಿ ಓಡಿದ ರೇಡಿಯಲ್ ಟೈರಿನ ಗೋಡೆಯೊಳಗಿನ ಉಕ್ಕಿನ ಎಳೆಗಳು ಒಡೆದಿರುತ್ತವೆ. ಮತ್ತೆ ಗಾಳಿ ತುಂಬುವಾಗ ಗೋಡೆ ಜಿಪ್ ಬಿಚ್ಚಿದಂತೆ ಸೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೇಳಿದ್ದಕ್ಕಿಂತ ಗಾಳಿ ಶೇ. 20ರಷ್ಟು ಕಡಿಮೆಯಾಗಿ ಓಡಿದ್ದರೆ ಚಕ್ರ ಆಕ್ಸಲ್‌ನಿಂದ ಬಿಚ್ಚುವ ಮೊದಲೇ ವಾಲ್ವ್ ಪಿನ್ ತೆಗೆದು ಪೂರ್ತಿ ಗಾಳಿ ಬಿಡಿ. ತುಂಬುವಾಗ ಕೈಬಿಟ್ಟರೂ ವಾಲ್ವಿಗೆ ಕಚ್ಚಿಕೊಂಡಿರುವ ಕ್ಲಿಪ್ ಮೂತಿ, ಉದ್ದನೆಯ ಪೈಪು, ನೀವು ಪಕ್ಕಕ್ಕೆ ದೂರ ನಿಂತಿರಬೇಕು.

ತೆಗೆದ ಹಳೇ ರಿಮ್ಮನ್ನು ಹಾಗೇ ಗುಜರಿಗೆ ಹಾಕಬೇಡಿ, ಯಾರೋ ರಿಂಗ್ ಮಾತ್ರ ಎತ್ತಿಕೊಂಡು ಇನ್ನೆಲ್ಲೋ ಹಾಕುತ್ತಾರೆ. ಗ್ಯಾಸ್ ಕಟರ್‌ನಲ್ಲಿ ಬೇಸನ್ನೂ ರಿಂಗನ್ನೂ ಅಡ್ಡಕ್ಕೆ ಕತ್ತರಿಸಿ ಕೊಡಿ. ಟೈರು ಪೂರ್ತಿ ಬಿಚ್ಚಿದ ಮೇಲೆ ಮಾತ್ರ. ಟೈರ್ ಇರುವಾಗ ರಿಮ್ಮಿಗೆ ಬೆಂಕಿ ತೋರಿಸಿದರೆ, ಗಾಳಿ ಬಿಟ್ಟಿದ್ದರೂ, ಒಳಗೆ ರಬ್ಬರ್ ಕಾದು ಅನಿಲವಾಗಿ ಸಿಡಿಯಬಹುದು. ಹಬ್ಬಿನ ಫೋಟೋ, ನಟ್‌ನ ಮೂತಿಯ ಫೋಟೋ, ರಿಮ್ ಮೇಲಿನ ಅಚ್ಚು, ಈ ಮೂರನ್ನೂ ಕಮೆಂಟಿನಲ್ಲಿ ಹಾಕಿ. ನೋಡಿ ಯಾವ ಜಾತಿ ಅಂತ ಹೇಳುತ್ತೇನೆ, ಅಲ್ಲಿಯವರೆಗೆ ಡಿಸ್ಕಿಗೆ ಮುಂಗಡ ಕೊಡಬೇಡಿ.