ಡಿಎಂಆರ್ ಸೆಟ್ ಕೊಳ್ಳುವ ಮೊದಲು ಆ ಕಡೆ ಯಾರಿದ್ದಾರೆ ನೋಡಿ

ಪ್ರಶ್ನೆ: ನಾನು ಪೆರ್ಲ ಹತ್ತಿರದ ಅಡಿಕೆ ಕೃಷಿಕ. ಈಚೆಗೆ ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಪಾಸಾಗಿ ವಿಯು3ರಿಂದ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಬಳಸುವ ಗುರುತು, ಬಂದಿದೆ. ಮನೆ ತಗ್ಗಿನಲ್ಲಿದೆ, ಸುತ್ತ ಗುಡ್ಡೆ. ಡಿಜಿಟಲ್ ಹ್ಯಾಂಡ್‌ಸೆಟ್ ಕೊಳ್ಳುವ ಆಸೆ. ಡಿಎಂಆರ್, ಡಿ-ಸ್ಟಾರ್, ಫ್ಯೂಷನ್ ಎಂಬ ಮೂರು ಡಿಜಿಟಲ್ ಪದ್ಧತಿಗಳಲ್ಲಿ ಯಾವುದು ಒಳ್ಳೆಯದು? ಡಿಜಿಟಲ್ ಆದರೆ ಮಾತು ಜಾಸ್ತಿ ದೂರ ಹೋಗುತ್ತದಂತೆ, ಹೌದಾ?

ಉತ್ತರ: ಮೊದಲು ದೂರದ ವಿಷಯ ಹೇಳಿಬಿಡುತ್ತೇನೆ. ಡಿಜಿಟಲ್ ಎಂದಮಾತ್ರಕ್ಕೆ ಅಲೆ ಗುಡ್ಡೆ ಹತ್ತಿ ಇಳಿಯುವುದಿಲ್ಲ. 144 ಮತ್ತು 430 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುವಂಥವು. ಬಯಲಿನಲ್ಲಿ ಇಬ್ಬರು ಸೆಟ್ ಹಿಡಿದು ನಿಂತರೆ ಹತ್ತು ಕಿಲೋಮೀಟರ್ ಸಿಕ್ಕಿದರೆ ದೊಡ್ಡದು. ನಿಮ್ಮ ತೋಟದ ತಗ್ಗಿನಿಂದ ಗುಡ್ಡೆಯ ಆಚೆ ಮಗ್ಗುಲಿಗೇ ಕೇಳಿಸದೆ ಇರಬಹುದು. ಅದೇ ಸೆಟ್ ಹಿಡಿದು ಪೊಸಡಿಗುಂಪೆ ಹತ್ತಿ ನೋಡಿ. ಸಾವಿರ ಅಡಿಗೂ ಎತ್ತರದ ಗುಡ್ಡೆ, ಮೋಡ ಇಲ್ಲದ ದಿನ ಅಲ್ಲಿಂದ ಸಮುದ್ರ ಕಾಣುತ್ತದೆ. ಮಂಗಳೂರಿನವರು ಅಲ್ಲಿ ಐದು ವಾಟ್‌ಗೇ ಸಿಗಬಹುದು. ಸೆಟ್ಟಿನ ಬೆಲೆಗಿಂತ ನೀವು ನಿಂತ ಜಾಗದ ಬೆಲೆ ಜಾಸ್ತಿ.

ಡಿಜಿಟಲ್‌ನಲ್ಲಿ ನಿಜವಾಗಿ ಬದಲಾಗುವುದು ಸಿಗ್ನಲ್ ಸೊರಗಿದಾಗ ಮಾತು ಕೇಳಿಸುವ ರೀತಿ. ಡಿಜಿಟಲ್ ಅಲ್ಲದ ಮಾಮೂಲಿ ಎಫ್‌ಎಂನಲ್ಲಿ ಸಿಗ್ನಲ್ ಕಡಿಮೆಯಾದ ಹಾಗೆ ಸೊಂಯ್ ಎಂಬ ಸದ್ದು ಏರುತ್ತದೆ. ಆದರೂ ಕಿವಿಗೊಟ್ಟರೆ ಕಾಲ್‌ಸೈನ್ ಹಿಡಿಯಬಹುದು. ಡಿಜಿಟಲ್‌ನಲ್ಲಿ ಕೊನೆಯವರೆಗೂ ಮಾತು ಸ್ವಚ್ಛ. ಆಮೇಲೆ ಒಂದೆರಡು ಶಬ್ದ ತುಂಡಾಗುತ್ತದೆ, ನಂತರ ಪೂರ್ತಿ ಮೌನ. ಮಳೆಗಾಲದಲ್ಲಿ ಒದ್ದೆ ಸೋಗೆಗಳ ನಡುವೆ ನಿಂತು ಮಾತಾಡುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಮೂರರ ಆಯ್ಕೆ. ಡಿ-ಸ್ಟಾರ್ ಜಪಾನಿನ ಹ್ಯಾಮ್ ಸಂಘದ ಕೂಸು. ಅದರ ಸೆಟ್ ಎಂದರೆ ಮುಖ್ಯವಾಗಿ ಐಕಾಮ್. ಫ್ಯೂಷನ್ ಯಾಯೆಸು (Yaesu) ಕಂಪೆನಿಯದು, ಬಳಸಲು ಬಹಳ ಸುಲಭ. ಡಿಎಂಆರ್ ಮೂಲದಲ್ಲಿ ಕಾರ್ಖಾನೆ, ಸೆಕ್ಯುರಿಟಿಯಂಥ ಕೆಲಸಕ್ಕಾಗಿ ಯುರೋಪಿನಲ್ಲಿ 2005ರಲ್ಲಿ ಬಂದ ಮಾನದಂಡ. ಹಲವು ಕಂಪೆನಿಗಳು ಮಾಡುತ್ತವೆ, ಹಾಗಾಗಿ ಅಗ್ಗಕ್ಕೂ ಸಿಗುತ್ತದೆ. ಅದರಲ್ಲಿ 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಎರಡು ಮಾತುಕತೆ ಓಡುತ್ತದೆ. ಒಂದೇ ಪಂಪಿನ ನೀರನ್ನು ಸರದಿಯ ಮೇಲೆ ಎರಡು ತೋಟಕ್ಕೆ ತಿರುಗಿಸಿದ ಹಾಗೆ. ಸರದಿ ಒಂದೊಂದೂ 30 ಮಿಲಿಸೆಕೆಂಡ್. ಮಾತಾಡುವಾಗ ಸೆಟ್ ಅರ್ಧ ಹೊತ್ತು ಮಾತ್ರ ಅಲೆ ಬಿಡುವುದರಿಂದ ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ.

ಈ ಮೂರೂ ಒಂದಕ್ಕೊಂದು ನೇರವಾಗಿ ಮಾತಾಡುವುದಿಲ್ಲ. ನೀವು ಡಿ-ಸ್ಟಾರ್ ತಂದು, ನಿಮ್ಮ ಸುತ್ತಿನವರೆಲ್ಲ ಡಿಎಂಆರ್ ಇಟ್ಟುಕೊಂಡಿದ್ದರೆ ಸೆಟ್ ಕಪಾಟಿನಲ್ಲೇ ಉಳಿಯುತ್ತದೆ. ಆದ್ದರಿಂದ ನನ್ನ ಸಲಹೆ ಸರಳ. ಕೊಳ್ಳುವ ಮೊದಲು ಕಾಸರಗೋಡು, ಮಂಗಳೂರು, ಪುತ್ತೂರು ಕಡೆಯ ಹ್ಯಾಮ್‌ಗಳನ್ನು ಕೇಳಿ, ಅವರು ಯಾವುದರಲ್ಲಿ ಇದ್ದಾರೆ ಎಂದು. ಯಾರೂ ಸಿಗದಿದ್ದರೆ 2 ಮೀಟರ್ (144 ಮೆಗಾಹರ್ಟ್ಸ್ ಕಡೆಯದು) ಮತ್ತು 70 ಸೆಂಟಿಮೀಟರ್ (430ರ ಕಡೆಯದು) ಎರಡೂ ಬ್ಯಾಂಡ್ ಇರುವ ಡಿಎಂಆರ್ ಸೆಟ್ ತೆಗೆದುಕೊಳ್ಳಿ. ಬರೇ 70 ಸೆಂಟಿಮೀಟರಿನದು ಅಗ್ಗಕ್ಕೆ ಸಿಕ್ಕಿದರೂ ಬೇಡ. ಮರಗಿಡಗಳ ನಡುವೆ 2 ಮೀಟರೇ ವಾಸಿ. ಇಂಥ ಸೆಟ್‌ಗಳಲ್ಲಿ ಎಫ್‌ಎಂ ಇದ್ದೇ ಇರುತ್ತದೆ. ಮೊದಲ ಕೆಲವು ತಿಂಗಳು ನೀವು ಜಾಸ್ತಿ ಬಳಸುವುದೂ ಅದನ್ನೇ, ಬರೆದಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ರಿಪೀಟರ್ (ಬಂದ ಮಾತನ್ನು ಹಿಡಿದು ಮತ್ತೆ ಬಿಡುವ ಯಂತ್ರ) ಕೂಡ 437.800 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂನಲ್ಲೇ ಕೇಳಿಸುವುದು! ಅದು ತಲೆಯ ಮೇಲೆ ಹಾದುಹೋಗುವಾಗ ನಿಮ್ಮ ತಗ್ಗು ಯಾವ ಅಡ್ಡಿಯನ್ನೂ ಮಾಡುವುದಿಲ್ಲ.

ಹಾಗಾದರೆ ಡಿಎಂಆರ್‌ನಲ್ಲಿ ಬ್ರೆಜಿಲ್, ಜರ್ಮನಿಯವರ ಜೊತೆ ಮಾತಾಡುತ್ತಾರಲ್ಲ ಎಂದು ಕೇಳುತ್ತೀರಿ. ಮಾತಾಡುತ್ತಾರೆ, ನಿಜ. ಆದರೆ ಆ ದೂರ ರೇಡಿಯೋದ್ದಲ್ಲ, ಇಂಟರ್‌ನೆಟ್ಟಿನದು. ಸೆಟ್ಟಿನ ಮಾತು ಮನೆಯ ಹಾಟ್‌ಸ್ಪಾಟ್ ಎಂಬ ಸಣ್ಣ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಬ್ರಾಡ್‌ಬ್ಯಾಂಡ್ ಹಿಡಿದು ಹೋಗುತ್ತದೆ. ಜೂನಿನಲ್ಲಿ ಮರ ಬಿದ್ದು ಕರೆಂಟು ಹೋಗಿ, ನೆಟ್ಟೂ ಹೋದ ಮೇಲೆ ಆ ಪೆಟ್ಟಿಗೆಯಿಂದ ಏನೂ ಪ್ರಯೋಜನ ಇಲ್ಲ. ಹ್ಯಾಮ್ ಬೇಕಾಗುವುದೇ ಆ ಹೊತ್ತಿಗೆ, ಅಲ್ವಾ? ಸುಮ್ನೆ ಖುಷಿಗೆ ಹಾಟ್‌ಸ್ಪಾಟ್ ಇಟ್ಟುಕೊಳ್ಳಿ, ಬೇಡ ಎನ್ನುವುದಿಲ್ಲ. ಮೊದಲು ನಿಮ್ಮ ಲೈಸೆನ್ಸಿನ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಿ. ಆಪತ್ತಿಗೆ ಆಗಲಿ ಎಂದಿದ್ದರೆ ದುಡ್ಡನ್ನು ಒಂದು ಒಳ್ಳೆಯ ಆಂಟೆನಾಕ್ಕೆ, ಇನ್ನೊಂದು ಬ್ಯಾಟರಿಗೆ ಹಾಕಿ.

ಪ್ರಶ್ನೆ: ಮುಳ್ಳೇರಿಯದಲ್ಲಿ ತೋಟವಿದೆ. ಮೊಬೈಲ್ ಸಿಗ್ನಲ್ ಇಲ್ಲ. ಎರಡು ಹ್ಯಾಮ್ ಸೆಟ್ ತಂದು ಒಂದನ್ನು ಮನೆಯಲ್ಲಿ ಹೆಂಡತಿಗೆ, ಒಂದನ್ನು ಕೆಲಸದವರಿಗೆ ಕೊಡಬಹುದಾ?

ಉತ್ತರ: ಆಗುವುದಿಲ್ಲ ಮಾರಾಯ್ರೇ. ಹ್ಯಾಮ್ ಬ್ಯಾಂಡಿನಲ್ಲಿ ಮಾತಾಡುವ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು. ವ್ಯಾಪಾರದ, ಕೆಲಸದ ಮಾತಿಗೆ ಅದು ಇರುವುದೂ ಅಲ್ಲ. ನಿಮ್ಮ ಕೆಲಸಕ್ಕೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿಟಾಕಿ ಸಾಕು. 2018ರ ನಿಯಮದಂತೆ ಅದಕ್ಕೆ ಲೈಸೆನ್ಸ್ ಬೇಡ. ಆದರೆ ಸೆಟ್ಟಿಗೆ ಸರಕಾರದ ಟೈಪ್ ಅಪ್ರೂವಲ್, ಅಂದರೆ ಆ ಮಾದರಿಗೆ ಒಪ್ಪಿಗೆ, ಇರಬೇಕು. ಆನ್‌ಲೈನಿನಲ್ಲಿ ಕೊಳ್ಳುವಾಗ ಫ್ರೀಕ್ವೆನ್ಸಿ ಬರೆದಿಲ್ಲದ ಮಾಲು ಮುಟ್ಟಬೇಡಿ. ಹೆಂಡತಿಗೂ ಹ್ಯಾಮ್ ಆಸಕ್ತಿ ಇದ್ದರೆ ಇಬ್ಬರೂ ಪರೀಕ್ಷೆಗೆ ಕೂತುಬಿಡಿ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಾಗಿಲ್ಲ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ಲಿನಲ್ಲಿ. ಮಂಗಳೂರಿನಲ್ಲಿ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಇದೆ, ಪರೀಕ್ಷೆ ಎಲ್ಲಿ, ಯಾವಾಗ ಎಂದು ಅಲ್ಲಿ ವಿಚಾರಿಸಿ.

ಪ್ರಶ್ನೆ: ನಾನು ಕಾಸರಗೋಡಿನಲ್ಲಿ ಓದುವ ವಿದ್ಯಾರ್ಥಿ, ಲೈಸೆನ್ಸ್ ಇದೆ. ಡಿಎಂಆರ್ ಸೆಟ್ ಮತ್ತು ಹಾಟ್‌ಸ್ಪಾಟ್ ತಂದೆ. ಬೇರೆಯವರ ಕೋಡ್‌ಪ್ಲಗ್ (ಸೆಟ್ಟಿನ ಚಾನೆಲ್, ಸೆಟ್ಟಿಂಗ್‌ಗಳೆಲ್ಲ ಇರುವ ಫೈಲ್) ಹಾಕಿದ್ದೇನೆ. ಮಾತಾಡುವ ಗುಂಡಿ (ಪಿಟಿಟಿ) ಒತ್ತಿದರೆ ಲೈಟು ಹತ್ತುತ್ತದೆ, ಆದರೆ ಯಾರೂ ಉತ್ತರ ಕೊಡುವುದಿಲ್ಲ.

ಉತ್ತರ: ಬೇರೆಯವರ ಕೋಡ್‌ಪ್ಲಗ್ ಎಂದಿರಲ್ಲ, ತೊಂದರೆ ಅಲ್ಲೇ ಇರಬಹುದು. ಅದರಲ್ಲಿ ಅವರ ಡಿಎಂಆರ್ ಐಡಿಯೇ ಕೂತಿರುತ್ತದೆ. ಮೊದಲು ಲೈಸೆನ್ಸಿನ ಪ್ರತಿ ಕೊಟ್ಟು ನಿಮ್ಮದೇ ಏಳು ಅಂಕಿಯ ಐಡಿ ತೆಗೆದುಕೊಳ್ಳಿ. ಭಾರತದವರದು 404ರಿಂದ ಶುರುವಾಗುತ್ತದೆ. ಅದನ್ನು ಸೆಟ್ಟಿಗೂ ಹಾಟ್‌ಸ್ಪಾಟಿಗೂ ಹಾಕಿ.

ಆಮೇಲೆ ಖಾಲಿ ಕೋಡ್‌ಪ್ಲಗ್ಗಿನಿಂದ ಒಂದೇ ಒಂದು ಚಾನೆಲ್ ಕಟ್ಟಿ. ಸ್ವಂತಕ್ಕೆ ಕಟ್ಟಿದರೆ ಮಾತ್ರ ಡಿಎಂಆರ್ ಅರ್ಥವಾಗುವುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಟ್‌ಸ್ಪಾಟಿಗೂ ಸೆಟ್ಟಿಗೂ ಒಂದೇ ಫ್ರೀಕ್ವೆನ್ಸಿ. ನಮ್ಮಲ್ಲಿ 434ರಿಂದ 438 ಮೆಗಾಹರ್ಟ್ಸ್ ಹ್ಯಾಮ್‌ಗಳದು, ಅದರಲ್ಲಿ 435ರಿಂದ ಮೇಲೆ ಉಪಗ್ರಹಗಳ ಜಾಗ. ಹಾಗಾಗಿ 434 ಮತ್ತು 435ರ ನಡುವೆಯೇ ಇರಿ. ಕಲರ್ ಕೋಡ್ ಎಂಬ ಹೊಂದಾಣಿಕೆಯ ಅಂಕಿ 0ರಿಂದ 15ರವರೆಗೆ ಇರುತ್ತದೆ, ಎರಡೂ ಕಡೆ 1 ಇಟ್ಟುಬಿಡಿ. ಟೈಮ್ ಸ್ಲಾಟ್, ಅಂದರೆ ಮೇಲೆ ಹೇಳಿದ ಸರದಿ, 2. ಇವುಗಳಲ್ಲಿ ಒಂದು ತಪ್ಪಿದರೂ ಸೆಟ್ಟಿನ ಲೈಟು ಹತ್ತುತ್ತದೆ, ಮಾತು ಮಾತ್ರ ಮುಂದೆ ಹೋಗುವುದಿಲ್ಲ.

ಪರೀಕ್ಷಿಸಿ ನೋಡಲು, ಹಾಟ್‌ಸ್ಪಾಟ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಕೂಡಿಸುವ ಬ್ರ್ಯಾಂಡ್‌ಮೈಸ್ಟರ್ ಜಾಲದಲ್ಲಿ 9990 ಎಂಬ ನಂಬರು ಇದೆ, ಗಿಳಿ ಎನ್ನುತ್ತಾರೆ. ಅದನ್ನು ಗ್ರೂಪ್ ಕಾಲ್ ಅಲ್ಲ, ಪ್ರೈವೇಟ್ ಕಾಲ್ ಆಗಿ ಹಾಕಬೇಕು. ಬಹಳ ಜನ ಎಡವುವುದು ಇಲ್ಲಿಯೇ. ನಿಮ್ಮ ಮಾತು ನಿಮಗೇ ವಾಪಸು ಬಂದರೆ ದಾರಿ ಸರಿ ಇದೆ ಎಂದರ್ಥ. ಬರುವುದು ತುಂಡುತುಂಡಾಗಿದ್ದರೆ ಹಾಟ್‌ಸ್ಪಾಟಿನ ಪುಟದಲ್ಲಿ ಬಿಇಆರ್ (ತಪ್ಪಾಗಿ ಬಂದ ಬಿಟ್‌ಗಳ ಪ್ರಮಾಣ) ಎಂಬ ಅಂಕಿ ನೋಡಿ. ಅದು ಶೇಕಡಾ ಒಂದರ ಒಳಗೆ ಬರುವವರೆಗೆ ಫ್ರೀಕ್ವೆನ್ಸಿ ಆಫ್‌ಸೆಟ್ ಸ್ವಲ್ಪ ಸ್ವಲ್ಪ ಸರಿಸಿ. ಸೆಟ್ಟನ್ನು ಅತಿ ಕಡಿಮೆ ಪವರಿನಲ್ಲಿಡಿ. ಪೆಟ್ಟಿಗೆ ಪಕ್ಕದಲ್ಲೇ ಇರುವಾಗ ಐದು ವಾಟ್ ಯಾಕೆ?

ಗಿಳಿ ಸರಿಯಾದ ಮೇಲೆ ಭಾರತದ ಟಾಕ್ ಗ್ರೂಪ್ (ಎಲ್ಲರೂ ಸೇರಿ ಮಾತಾಡುವ ಗುಂಪು) 404 ಹಾಕಿ. ಕೇಳಿಸಬೇಕಾದ ಗ್ರೂಪ್‌ಗಳನ್ನು ರಿಸೀವ್ ಗ್ರೂಪ್ ಪಟ್ಟಿಗೆ ಸೇರಿಸದಿದ್ದರೆ ಯಾರೋ ಉತ್ತರ ಕೊಟ್ಟರೂ ಸೆಟ್ ಬಾಯಿ ಬಿಡುವುದಿಲ್ಲ. ಒಬ್ಬರು ಮುಗಿಸಿದ ಕೂಡಲೇ ಒತ್ತಬೇಡಿ, ಒಂದೆರಡು ಸೆಕೆಂಡ್ ಬಿಡಿ, ಬೇರೆಯವರಿಗೂ ಒಳಗೆ ಬರಲು ಜಾಗ ಬೇಕು. ಎನ್‌ಕ್ರಿಪ್ಷನ್, ಅಂದರೆ ಮಾತನ್ನು ಗುಟ್ಟಾಗಿಸುವ ಆಯ್ಕೆ, ಕಂಡರೆ ಆಫ್ ಮಾಡಿಡಿ. ಹ್ಯಾಮ್ ಮಾತು ಎಲ್ಲರಿಗೂ ಅರ್ಥವಾಗುವಂತೆ ಇರಬೇಕೆಂಬುದು ನಿಯಮ.

ಪ್ರಶ್ನೆ: ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಮನೆಯಲ್ಲಿದೆ. ಅದಕ್ಕೇ ಆಂಟೆನಾ ಕಟ್ಟಿ ಎತ್ತಿದರೆ ಹೇಗೆ? (ಬದಿಯಡ್ಕದಿಂದ)

ಉತ್ತರ: ಎತ್ತರದ ಯೋಚನೆ ಒಳ್ಳೆಯದೇ, ದೋಟಿ ಮಾತ್ರ ಬೇಡ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಆಂಟೆನಾ ಅದಕ್ಕೆ ಒತ್ತಿಕೊಂಡರೆ ಟ್ಯೂನಿಂಗ್ ಕೆಡುತ್ತದೆ. ಕರೆಂಟಿನ ಲೈನಿಗೆ ತಾಗಿದರೆ ಜೀವಕ್ಕೇ ಅಪಾಯ. ಒಣ ಬಿದಿರು ಸಾಕು. ಇಲ್ಲದಿದ್ದರೆ ಅಡಿಕೆ ಮರದ ಮೇಲಿಂದ ನೈಲಾನ್ ಹಗ್ಗ ಇಳಿಬಿಟ್ಟು, ಸುರುಳಿ ಸುತ್ತಿಡಬಹುದಾದ ತಂತಿಯ ಜೆ-ಪೋಲ್ ಆಂಟೆನಾ ಏರಿಸಿ. ಕೇಬಲ್ ಆದಷ್ಟು ಚಿಕ್ಕದಿರಲಿ. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಹತ್ತು ಮೀಟರ್ ಆರ್‌ಜಿ-58 ಕೇಬಲ್ ಅರ್ಧಕ್ಕರ್ಧ ಶಕ್ತಿಯನ್ನು ನುಂಗಿಬಿಡುತ್ತದೆ. ಮಳೆ ಶುರುವಾಗುವ ಮುಂಚಿನ ಗುಡುಗು, ತುಲಾ ತಿಂಗಳ ಸಂಜೆಯ ಗುಡುಗು, ಎರಡು ಹೊತ್ತಿನಲ್ಲೂ ಆಂಟೆನಾ ಇಳಿಸಿ, ಕೇಬಲ್ ಕಳಚಿ ಮನೆಯ ಹೊರಗೇ ಇಡಿ.