ಸಾಕುಪ್ರಾಣಿ ಪ್ರಶ್ನೋತ್ತರ: ಮಗನ ಸಿರಪ್ ಗುಂಡನಿಗೆ ಬೇಡ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಗಿನಿ ಪಿಗ್ ಇದೆ. ಹೆಸರು ಗುಂಡ, ತೂಕ 850 ಗ್ರಾಂ. ಕೆಲವು ದಿನದಿಂದ ಸೀನು, ಮೂಗಿನಲ್ಲಿ ನೀರು, ತಿನ್ನೋದೂ ಕಮ್ಮಿ. ಡಾಕ್ಟರು ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬರೆದು, 0.3 ಮಿ.ಲೀ.ನಂತೆ ದಿನಕ್ಕೆ ಎರಡು ಸಲ ಬಾಯಿಗೆ ಹಾಕಿ ಎಂದಿದ್ದಾರೆ. ಔಷಧ ತುಂಬಾ ಕಹಿ. ಗುಂಡ ಕಿರುಚಿಕೊಂಡು ಅರ್ಧ ಉಗುಳುತ್ತಾನೆ. ಕುಡಿಯುವ ನೀರಿನ ಬಾಟಲಿಗೆ ಬೆರೆಸಬಹುದೇ? ಮಗನ ಗಂಟಲು ನೋವಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಸ್ವಲ್ಪ ಉಳಿದಿದೆ, ಅದು ಸಿಹಿ. ಇದರ ಬದಲು ಅದನ್ನೇ ಕೊಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಮಾಕ್ಸಿಸಿಲಿನ್ ಬೇಡ. ಒಂದು ಹನಿಯೂ ಬೇಡ. ಆ ಬಾಟಲಿ ಗುಂಡನ ಔಷಧದ ಪಕ್ಕದಲ್ಲಿದ್ದರೆ ಈಗಲೇ ಎತ್ತಿ ಬೇರೆ ಕಡೆ ಇಡಿ.

ಯಾಕೆ ಅಂತ ಕೇಳುತ್ತೀರಿ, ಅಲ್ವಾ? ಗಿನಿ ಪಿಗ್ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾಗುವುದು ಅಲ್ಲಿ ವಾಸವಾಗಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಗಳು ಮೊದಲು ಅವನ್ನೇ ಕೊಲ್ಲುತ್ತವೆ. ಜಾಗ ಖಾಲಿಯಾದ ಕೂಡಲೇ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಇದು ಹೊಸ ಸುದ್ದಿಯೇನಲ್ಲ. ಪೆನಿಸಿಲಿನ್ ಇನ್ನೂ ಎಳೆಯ ಔಷಧವಾಗಿದ್ದ 1943ರಲ್ಲೇ ಅದು ಗಿನಿ ಪಿಗ್‌ಗಳನ್ನು ಕೊಲ್ಲುತ್ತದೆ ಎಂದು ಅಮೆರಿಕದ ಸಂಶೋಧಕರು ಬರೆದಿದ್ದರು. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಬಾಯಿಗೆ ಹಾಕುವ ಸೆಫಲೋಸ್ಪೋರಿನ್‌ಗಳು, ಇವೂ ಅದೇ ಪಟ್ಟಿಯಲ್ಲಿವೆ. ಬಹುತೇಕ ಮನೆಗಳ ಔಷಧದ ಡಬ್ಬಿಯಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತದೆ. ನಿಮ್ಮ ಡಾಕ್ಟರು ಎನ್ರೋಫ್ಲಾಕ್ಸಾಸಿನ್ ಬರೆದಿರುವುದು ಸರಿಯಾಗಿಯೇ ಇದೆ. ಕಹಿ ಅನ್ನುವುದೊಂದೇ ಅದರ ತಪ್ಪು.

ನೀರಿಗೆ ಬೆರೆಸುವುದೂ ಬೇಡ. ಕಹಿ ಬಂದ ನೀರನ್ನು ಗುಂಡ ಮುಟ್ಟುವುದಿಲ್ಲ. ಆಗ ಔಷಧವೂ ಹೋಗಲಿಲ್ಲ, ನೀರೂ ಹೋಗಲಿಲ್ಲ. ಕುಡಿದರೂ ಎಷ್ಟು ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. ಇನ್ನು ಕೆಲವರು ಮೊಸರಿಗೆ ಕಲಸಿ ಕೊಡಲು ಹೊರಡುತ್ತಾರೆ. ಈ ಔಷಧ ಹಾಲು ಮೊಸರಿನ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹುಲ್ಲು ತಿನ್ನುವ ಪ್ರಾಣಿಗೆ ಮೊಸರು ಹೇಗೂ ಒಗ್ಗುವುದಿಲ್ಲ.

ಹಾಗಾದರೆ ಬಾಯಿಗೇ ಹಾಕಬೇಕು. ನಾನು ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲ ಹಸು ಎಮ್ಮೆಗಳ ಜೊತೆಯೇ ಇದ್ದವನು. ದನಕ್ಕೆ ಗೊಟ್ಟದಲ್ಲಿ ಔಷಧ ಹೊಯ್ಯುವುದನ್ನು ನೋಡಿ ಬೆಳೆದವರು ಈ ಪುಟ್ಟ ಪ್ರಾಣಿಗೂ ತಲೆ ಮೇಲಕ್ಕೆತ್ತಿ ಗಂಟಲಿಗೇ ಬಿಡಲು ನೋಡುತ್ತಾರೆ. ಅಲ್ಲಿಯೇ ಅಪಾಯ ಇರುವುದು. ಔಷಧ ಶ್ವಾಸಕೋಶಕ್ಕೆ ಇಳಿದರೆ ಸೀನಿಗೆ ಕೊಟ್ಟ ಮದ್ದಿನಿಂದಲೇ ನ್ಯುಮೋನಿಯಾ ಬರುತ್ತದೆ. ಅಂಗಾತ ಮಲಗಿಸಿ ಕೊಡುವುದಂತೂ ಯಾವತ್ತೂ ಬೇಡ.

ನೆಲದ ಮೇಲೆ ಕೂತುಕೊಳ್ಳಿ. ಕುರ್ಚಿಯಿಂದ ಹಾರಿದರೆ ಕಾಲೋ ಹಲ್ಲೋ ಮುರಿಯುತ್ತದೆ. ಹಳೆಯ ಟವೆಲ್‌ನಲ್ಲಿ ಮುಂಗಾಲು ಒಳಗಿರುವಂತೆ ಸುತ್ತಿ, ಮುಖ ಮಾತ್ರ ಹೊರಗಿರಲಿ. ಎದೆಯ ಹತ್ತಿರ ಬಿಗಿ ಮಾಡಬೇಡಿ, ಅದು ಮೊದಲೇ ಉಸಿರಿಗೆ ಒದ್ದಾಡುತ್ತಿದೆ. ಅದರ ಹಿಂಭಾಗ ನಿಮ್ಮ ಹೊಟ್ಟೆಗೆ ಒರಗಿರಲಿ, ಆಗ ಹಿಂದಕ್ಕೆ ಸರಿಯಲು ಜಾಗ ಸಿಗುವುದಿಲ್ಲ. ಮೂಗಿಗೆ ಗೊಣ್ಣೆ ಮೆತ್ತಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೊದಲು ಒರೆಸಿ. ಇವು ಉಸಿರಾಡುವುದು ಮುಖ್ಯವಾಗಿ ಮೂಗಿನಿಂದಲೇ.

ಗಿನಿ ಪಿಗ್‌ಗೆ ಮುಂದಿನ ಹಲ್ಲು ಮತ್ತು ದವಡೆ ಹಲ್ಲಿನ ನಡುವೆ ಖಾಲಿ ಜಾಗ ಇದೆ. ಸೂಜಿ ತೆಗೆದ 1 ಮಿ.ಲೀ. ಸಿರಿಂಜನ್ನು ತುಟಿಯ ಪಕ್ಕದಿಂದ ಆ ಜಾಗಕ್ಕೆ ತೂರಿಸಿ. ತುದಿ ಆಚೆ ಕೆನ್ನೆಯ ಕಡೆ ನೋಡುತ್ತಿರಲಿ, ಗಂಟಲಿನ ಕಡೆ ಅಲ್ಲ. ಒಂದು ಸಲಕ್ಕೆ 0.1 ಮಿ.ಲೀ. ಬಿಡಿ, ಸಾಕು. ಅದು ದವಡೆ ಆಡಿಸಿ ನುಂಗುವುದು ಕಾಣುತ್ತದೆ. ಕಂಡ ಮೇಲೆ ಮುಂದಿನ ಹನಿ. ನಿಮ್ಮ 0.3 ಮಿ.ಲೀ.ಗೆ ಮೂರು ಸಲ ಆಯಿತು, ಅಷ್ಟೇ. ಮೂಗಿನಿಂದ ಗುಳ್ಳೆ ಬಂದರೆ, ಕೆಮ್ಮಿದರೆ ನಿಲ್ಲಿಸಿ, ಕೆಳಗೆ ಬಿಟ್ಟುಬಿಡಿ. ಆಮೇಲೂ ಪಕ್ಕೆ ಜೋರಾಗಿ ಆಡುತ್ತಿದ್ದರೆ ಡಾಕ್ಟರ ಹತ್ತಿರ ಹೊರಡಿ. ಅರ್ಧ ಉಗುಳಿದೆ ಅಂತ ಅಂದಾಜಿನ ಮೇಲೆ ಇನ್ನೊಂದು ಪೂರ್ತಿ ಡೋಸ್ ಹಾಕಬೇಡಿ, ಫೋನ್ ಮಾಡಿ ಕೇಳಿ. ಕೊಟ್ಟ ತಕ್ಷಣ ನಾಲ್ಕು ಎಸಳು ಕೊತ್ತಂಬರಿ ಸೊಪ್ಪು ಬಾಯಿಗಿಟ್ಟರೆ ಕಹಿ ಹೋಗುತ್ತದೆ, ಮರುದಿನದ ಜಗಳವೂ ಸ್ವಲ್ಪ ಕಮ್ಮಿಯಾಗುತ್ತದೆ.

ಸಿರಿಂಜಿನ ಬಗ್ಗೆ ಇನ್ನೊಂದು ಮಾತು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಸಿರಿಂಜ್ ಕೈಗೆ ಸಿಗುತ್ತದೆ. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ಸಿರಿಂಜಿನಲ್ಲಿ 40 ಯೂನಿಟ್ ಸೇರಿದರೆ 1 ಮಿ.ಲೀ. ಇನ್ನೊಂದು ಬಗೆಯಲ್ಲಿ 100 ಯೂನಿಟ್‌ಗೆ 1 ಮಿ.ಲೀ. 0.3 ಮಿ.ಲೀ. ಎಂದರೆ ಮೊದಲನೆಯದರಲ್ಲಿ 12 ಯೂನಿಟ್, ಎರಡನೆಯದರಲ್ಲಿ 30 ಯೂನಿಟ್. ಎಡವಿ ಮೊದಲನೆಯದರಲ್ಲೇ 30 ಎಳೆದರೆ ಡೋಸ್ ಎರಡೂವರೆ ಪಟ್ಟು ಆಗಿಬಿಡುತ್ತದೆ. ಮಿ.ಲೀ. ಎಂದೇ ಬರೆದಿರುವ ಸಿರಿಂಜ್ ಕೇಳಿ ತನ್ನಿ. ಹಾಗೆಯೇ, ಈ 0.3 ಗುಂಡನ ತೂಕಕ್ಕೆ, ಆ ಬಾಟಲಿಯ ಔಷಧಕ್ಕೆ ಹಾಕಿದ ಲೆಕ್ಕ. ಇದನ್ನು ಓದುತ್ತಿರುವ ಬೇರೆಯವರು ತಮ್ಮ ಪ್ರಾಣಿಗೆ ಇಳಿಸಿಕೊಳ್ಳಬೇಡಿ.

ಇಷ್ಟು ಹೇಳಿದರೂ ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಯೋಚನೆಯಾಗಿದ್ದು ಔಷಧದ ಬಗ್ಗೆ ಅಲ್ಲ. ‘ತಿನ್ನೋದೂ ಕಮ್ಮಿ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಗಿನಿ ಪಿಗ್ ಒಂದು ದಿನ ಪೂರ್ತಿ ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಯಕೃತ್ತಿಗೆ ಕೊಬ್ಬು ಸೇರುತ್ತದೆ. ಸೀನಿನಿಂದ ಉಳಿದ ಪ್ರಾಣಿ ಹಸಿವಿನಿಂದ ಹೋಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಹತ್ತು ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ. 850 ಇದ್ದದ್ದು 800ಕ್ಕೆ ಇಳಿದರೆ ಅದೇ ದಿನ ಡಾಕ್ಟರಿಗೆ ಹೇಳಿ. ಹಿಕ್ಕೆ ನೋಡಿ. ಸಣ್ಣಗೆ, ಒಣಗಿ, ಎಣಿಸುವಷ್ಟೇ ಬೀಳುತ್ತಿದ್ದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಎಂದರ್ಥ.

ತಾನಾಗಿ ತಿನ್ನದಿದ್ದರೆ ನೀವೇ ತಿನ್ನಿಸಬೇಕು. ಅದರ ಪೆಲೆಟ್ಟನ್ನೇ ಬಿಸಿನೀರಲ್ಲಿ ನೆನೆಸಿ, ಕಿವುಚಿ, ಜರಡಿಯಲ್ಲಿ ಸೋಸಿ ತೆಳ್ಳಗೆ ಗಂಜಿಯ ಹಾಗೆ ಮಾಡಿ, ಆರಿಸಿ, ಅಗಲ ಬಾಯಿಯ ಸಿರಿಂಜಿನಲ್ಲಿ ಅದೇ ರೀತಿ ಪಕ್ಕದಿಂದ ಕೊಡಿ. ಏನೂ ತಿನ್ನದ 850 ಗ್ರಾಂ ಪ್ರಾಣಿಗೆ ದಿನಕ್ಕೆ 40–45 ಮಿ.ಲೀ. ಆದರೂ ಬೇಕು, ಐದಾರು ಸಲಕ್ಕೆ ಹಂಚಿ. ಇದಕ್ಕೆಂದೇ ಕ್ರಿಟಿಕಲ್ ಕೇರ್ ಎಂಬ ಪುಡಿಯೂ ಬರುತ್ತದೆ, ಸಿಕ್ಕರೆ ತನ್ನಿ. ಗರಿಕೆಯನ್ನು ತೊಳೆದು ಮುಂದೆ ಹಾಕುವುದನ್ನು ಮಾತ್ರ ನಿಲ್ಲಿಸಬೇಡಿ. ಮನೆಯವರೆಲ್ಲ ಸೇರಿ ಔಷಧಕ್ಕೆ ಯುದ್ಧ ಮಾಡಿ, ಗಂಜಿಯ ಹೊತ್ತಿಗೆ ಸುಸ್ತಾಗಿ ‘ಆಮೇಲೆ ನೋಡೋಣ’ ಅನ್ನುವುದನ್ನು ತುಂಬಾ ನೋಡಿದ್ದೇನೆ. ಶಕ್ತಿ ಉಳಿಸಿಕೊಳ್ಳಬೇಕಾದದ್ದು ಗಂಜಿಗೆ.

ವಿಟಮಿನ್ ಸಿ ಕೂಡ ಕೊಡಿ. ನಮ್ಮ ಹಾಗೆ ಇವುಗಳ ದೇಹವೂ ಅದನ್ನು ತಯಾರಿಸಿಕೊಳ್ಳುವುದಿಲ್ಲ. ಕಾಯಿಲೆಯಲ್ಲಿ ದಿನಕ್ಕೆ ಸುಮಾರು 30 ಮಿ.ಗ್ರಾಂ. ಬೇಕಾಗುತ್ತದೆ. ಮಕ್ಕಳ ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇದ್ದರೆ 0.3 ಮಿ.ಲೀ. ಆಯಿತು. ಕೊಡುವ ಮುನ್ನ ಬಾಟಲಿಯ ಚೀಟಿ ಓದಿ, ಡಾಕ್ಟರಿಗೂ ಒಂದು ಮಾತು ಹೇಳಿ. ಕೆಂಪು ದೊಣ್ಣೆಮೆಣಸಿನಕಾಯಿಯ ಒಂದೆರಡು ಹೋಳು ಕೊಟ್ಟರೆ ಅದು ಖುಷಿಯಿಂದ ತಿನ್ನುತ್ತದೆ.

ಪ್ರಶ್ನೆ: ನನ್ನ ಎರಡು ಗಿನಿ ಪಿಗ್‌ಗಳಲ್ಲಿ ಒಂದು ಮೈ ಕೆರೆದುಕೊಂಡು ಕೂದಲು ಉದುರಿದೆ. ಮುಟ್ಟಿದರೆ ಫಿಟ್ಸ್ ಬಂದ ಹಾಗೆ ಒದ್ದಾಡುತ್ತದೆ. ನಾಯಿಗೆ ಕುತ್ತಿಗೆಗೆ ಹಾಕುವ ಉಣ್ಣೆ ಔಷಧ ಮನೆಯಲ್ಲಿದೆ. ಒಂದು ಹನಿ ಹಾಕಲೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಹಾಕಬೇಡಮ್ಮ. ಅದರಲ್ಲಿ ಫಿಪ್ರೋನಿಲ್ ಇದ್ದರೆ ಇಷ್ಟು ಸಣ್ಣ ಪ್ರಾಣಿಗೆ ವಿಷವಾಗಬಹುದು. ನೀನು ಹೇಳುವುದು ಕಜ್ಜಿ ಹುಳದ ಲಕ್ಷಣದಂತಿದೆ. ತುರಿಕೆ ಅಷ್ಟು ಜೋರಾದಾಗ ನಿಜವಾಗಿಯೂ ಫಿಟ್ಸ್ ಥರ ಆಗುತ್ತದೆ. ಇದಕ್ಕೆ ಐವರ್ಮೆಕ್ಟಿನ್ ಕೊಡುತ್ತಾರೆ. ಆದರೆ ದನಕ್ಕೆ ಬಳಸುವ ಇಂಜೆಕ್ಷನ್‌ನಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಇರುತ್ತದೆ, ಗಿನಿ ಪಿಗ್‌ಗೆ ಬೇಕಾಗುವುದು ಮಿಲಿಗ್ರಾಂನ ಒಂದು ಚೂರು. ಮನೆಯಲ್ಲಿ ಅಳೆಯುವ ಕೆಲಸವಲ್ಲ ಅದು. ಹತ್ತಿರದ ಪಶುವೈದ್ಯರು ಇಂಥ ಪ್ರಾಣಿ ನೋಡುವುದಿಲ್ಲ ಎಂದರೆ, ನೋಡುವವರು ಯಾರೆಂದು ಅವರನ್ನೇ ಕೇಳು. ಬೆಂಗಳೂರಿನ ಕಡೆಯವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಎರಡನ್ನೂ ಒಟ್ಟಿಗೆ ಕರೆದುಕೊಂಡು ಹೋಗು. ಕೆರೆದುಕೊಳ್ಳದ ಇನ್ನೊಂದಕ್ಕೂ ಚಿಕಿತ್ಸೆ ಬೇಕು. ಸುಮಾರು ಎರಡು ವಾರ ಬಿಟ್ಟು ಮತ್ತೆ ಕೊಡಬೇಕಾಗುತ್ತದೆ, ಯಾಕಂದರೆ ಮೊದಲ ಡೋಸ್ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಅಷ್ಟರಲ್ಲಿ ಗೂಡಿನ ಹುಲ್ಲು ಬಟ್ಟೆ ಎಲ್ಲ ತೆಗೆದು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಹಾಕು. ಮುಟ್ಟಿದ ಮೇಲೆ ನಿನ್ನ ಕೈಗೆ ತುರಿಕೆ ಬಂದರೆ ಗಾಬರಿ ಬೇಡ. ಆ ಹುಳ ನಮ್ಮ ಮೈಮೇಲೆ ಬಹಳ ದಿನ ಬಾಳುವುದಿಲ್ಲ.